ಮೂರು ಸುತ್ತು ತಿರುಗಿಸಿದ ಚೀಲ

ಕೆಲಗೇರಿ ಕೆರೆಯ ಕಡೆಗಿನ ನಮ್ಮ ಓಣಿಯಲ್ಲಿ ಬೆಕ್ಕುಗಳದ್ದೇ ರಾಜ್ಯ. ಸ್ಕೂಟರಿನ ಸೀಟು ಹರಿದವು, ತುಳಸಿಕಟ್ಟೆ ಹೊಲಸು ಮಾಡಿದವು, ಸುಮ್ಮನಿದ್ದೆವು. ಆದರೆ ಬೂದು ಬಣ್ಣದ ಹೆಣ್ಣು ಬೆಕ್ಕೊಂದು ಎದುರುಮನೆ ಕಾಕುವಿನ ಹಾಲಿನ ಪಾತೇಲಿಗೆ ಮೂರನೇ ಸಲ ಬಾಯಿ ಹಾಕಿದ ದಿನ, ಅವರು ಸೀದಾ ನಮ್ಮ ಅಂಗಳಕ್ಕೆ ಬಂದು ನಿಂತರು.

"ಟೀಚರ್, ಇದನ್ನ ಎಲ್ಲೆರ ಒಯ್ದು ಬಿಟ್ಟು ಬರ್ರಿ. ನನಗಂತೂ ಸಾಕಾಗೇತಿ ನೋಡ್ರಿ."

"ಮೊನ್ನೆರ ಮರಿ ಹಾಕೇತಲ್ರಿ ಕಾಕು. ಮರಿ ಎಲ್ಲದಾವು?"

"ನಮ್ಮ ಕಟ್ಟಿಗಿ ಖೋಲ್ಯಾಗ ಇದ್ವು. ಈಗ ಒಂದೂ ಇಲ್ಲ. ಗಂಡು ಬೆಕ್ಕು ತಿಂದಿರಬೇಕು, ಮತ್ತೇನ?"

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಮಕ್ಕಳಿಗೆ ಪಾಠ ಹೇಳುವ ನನಗೆ ಅವತ್ತು ಅದು ನೆನಪಾಗಲಿಲ್ಲ. ಖರೇ ಹೇಳಬೇಕೆಂದರೆ, ನೆನಪು ಮಾಡಿಕೊಳ್ಳುವ ಮನಸ್ಸೇ ಇರಲಿಲ್ಲ. ಹಿಂದಿನ ದಿನವಷ್ಟೇ ಅದು ನನ್ನ ಹೊಸ ಗಾದಿಯ ಮೇಲೆ ಉಚ್ಚೆ ಹೊಯ್ದಿತ್ತು. ನನ್ನ ಸಿಟ್ಟು ನೆತ್ತಿಗೇರಿತ್ತು.

ಕಾಕು ಕೊಟ್ಟ ಗೋಣಿಚೀಲದೊಳಗೆ ಹಾಲು-ರೊಟ್ಟಿ ಇಟ್ಟವಳು ನಾನೇ. ಪಾಪದ್ದು, ಹಸಿದಿತ್ತು, ಒಳಗೆ ಹೋಯಿತು. ಚೀಲದ ಬಾಯಿ ಕಟ್ಟಿದೆ.

"ಚೀಲಾ ಮೂರು ಸುತ್ತು ತಿರುಗಿಸ್ರಿ," ಎಂದರು ಕಾಕು. "ಇಲ್ಲಂದ್ರ ದಾರಿ ನೆನಪಿಟ್ಟು ನಿಮಗಿಂತ ಮೊದ್ಲ ಮನಿ ಸೇರತೈತಿ."

ಬೆಕ್ಕು ದಿಕ್ಕು ತಪ್ಪಲಿ ಎಂದು ನಮ್ಮವ್ವನೂ ಹಾಗೇ ಮಾಡುತ್ತಿದ್ದಳು. ನಾನು ಮೂರು ಸುತ್ತು ತಿರುಗಿಸಿ, ಗಾದಿಯ ಸಿಟ್ಟಿಗೆ ಇನ್ನೊಂದು ಸುತ್ತು ಸೇರಿಸಿದೆ. ನಮ್ಮ ಮನೆಯವರು ಸ್ಕೂಟರ್ ಓಡಿಸಿದರು, ಚೀಲ ನನ್ನ ತೊಡೆಯ ಮೇಲಿತ್ತು. ಅಮ್ಮಿನಬಾವಿ ಹಳ್ಳಿಯ ಹೊರಗೆ ಒಂದು ಬಣವೆಯ ಹತ್ತಿರ ಬಿಟ್ಟೆವು.

"ಊರ ತುಂಬ ಎಮ್ಮಿ ಅದಾವು, ಹಾಲಿಗೇನು ಕಡಿಮಿ? ಆರಾಮ ಇರತೈತಿ ಬಿಡು," ಎಂದರು ಅವರು. ನಾನೂ ಹೌದೆಂದೆ.

ಮರುದಿನ ಶಾಲೆಯಿಂದ ಬಂದು ಚಹಾಕ್ಕೆ ಇಟ್ಟಿದ್ದೆ. ಅಟ್ಟದ ಮೇಲಿಂದ ಸಣ್ಣ ದನಿ ಕೇಳಿತು. ಹತ್ತಿ ನೋಡಿದರೆ ಹಳೇ ಹಂಡೆಯ ಹಿಂದೆ, ನನ್ನದೇ ಹಳೇ ಸೀರೆಯ ಮೇಲೆ, ಇನ್ನೂ ಕಣ್ಣು ತೆರೆಯದ ಎರಡು ಮರಿಗಳು. ಅಯ್ಯೋ ದೇವರೇ, ಕಾಕುವಿನ ಮನೆಯಿಂದ ಅದು ಮರಿಗಳನ್ನು ನಮ್ಮ ಮನೆಗೇ ತಂದಿತ್ತು.

ಚಹಾ ಅಲ್ಲೇ ಬಿಟ್ಟು ಅಮ್ಮಿನಬಾವಿಗೆ ಓಡಿದೆವು. ಬಣವೆ ಸುತ್ತ "ಬಾರವ್ವಾ, ಬಾ" ಎಂದು ಕರೆಯುತ್ತ ತಿರುಗಿದೆ. ಮೇವು ಹೊತ್ತು ಬರುತ್ತಿದ್ದ ಹೆಣ್ಣುಮಗಳೊಬ್ಬಳು ನಿಂತಳು.

"ಬೆಕ್ಕು ಕಳಕೊಂಡೀರೇನ್ರಿ ಅಕ್ಕಾರ?"

"ಕಳಕೊಂಡಿಲ್ಲವಾ, ನಿನ್ನೆ ನಾನ ಬಿಟ್ಟು ಹೋಗಿದ್ದೆ."

"ಬಿಟ್ಟಮ್ಯಾಲ ಹುಡುಕೂದ್ಯಾಕ್ರಿ ಮತ್ತ?"

ನಾನು ಬಣವೆಯ ಆಚೆ ಬದಿಗೆ ಹೋಗಿ ಮತ್ತೆ ಕರೆದೆ. ಮೂರು ದಿನ ಹೋದೆ. ಬೆಕ್ಕು ಸಿಗಲಿಲ್ಲ.

ಮನೆಯಲ್ಲಿ ಅರಳೆಯನ್ನು ಹಾಲಿನಲ್ಲಿ ಅದ್ದಿ ಮರಿಗಳ ಬಾಯಿಗೆ ಹಿಡಿದರೆ ಹಾಲು ಮೂಗಿನಿಂದ ಬರುತ್ತಿತ್ತು. ದನದ ದವಾಖಾನೆಯ ಡಾಕ್ಟರು ಮರಿಗಳನ್ನು ಅಂಗೈಯಲ್ಲಿ ಹಿಡಿದು ನೋಡಿ, "ಇವಕ್ಕ ತಾಯಿ ಬೇಕ್ರಿ," ಎಂದಷ್ಟೇ ಹೇಳಿದರು. ಗೇಟು ಸಪ್ಪಳಾದರೆ ಸಾಕು, ಹೊರಗೋಡುತ್ತಿದ್ದೆ. ಬರಲಿ, ಓಣಿಯ ಹಾಲೆಲ್ಲ ಕುಡಿಯಲಿ, ಗಾದಿ ಹಾಳು ಮಾಡಲಿ, ಬಂದರೆ ಸಾಕು ಎನಿಸುತ್ತಿತ್ತು. ನಾನು ತಿರುಗಿಸಿದ ಸುತ್ತುಗಳನ್ನು ಹಿಂದಕ್ಕೆ ತಿರುಗಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಮರಿ ಎರಡನೇ ದಿನ ಹೋಯಿತು, ಇನ್ನೊಂದು ನಾಲ್ಕನೇ ದಿನ. ಎರಡನ್ನೂ ಪೇರಲ ಗಿಡದ ಬುಡದಲ್ಲಿ ಹುಗಿದೆವು. ಕಾಕುವಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ವಾರದ ಮೇಲೆ ಕಾಕು ನಗುತ್ತ ಬಂದರು. ಕೈಯಲ್ಲಿ ಅದೇ ಗೋಣಿಚೀಲ, ತೊಳೆದು ಒಣಗಿಸಿ ಮಡಚಿದ್ದು.

"ಈಗ ಕರಿ ಬೆಕ್ಕೊಂದು ಬರಾಕತ್ತೇತ್ರಿ ಟೀಚರ್. ಅದನ್ನೂ ನೀವ ಒಯ್ದು ಬಿಡ್ರಿ. ನಿಮ್ಮ ಕೈ ಛಲೋ ಐತಿ, ನೀವು ಬಿಟ್ಟದ್ದು ವಾಪಸ್ ಬರಂಗಿಲ್ಲ."