ಇಪ್ಪತ್ಮೂರು ‘ಅಲ್ಲಿ’ಗಳ ಉಗ್ರಾಣಿ

ಆಸ್ಪತ್ರೆಯ ಯಂತ್ರಗಳ ಬಿಡಿಭಾಗ ಕಾಯುವ ಉಗ್ರಾಣಿಗೆ ಭೂಮಿಯ ಮೇಲಿನ ಯಾವ ಭಾಷೆಯೂ ಸಾಲುತ್ತಿರಲಿಲ್ಲ. ಅದರಲ್ಲೂ ಕನ್ನಡದ ಸಪ್ತಮೀ ವಿಭಕ್ತಿಯ ಮೇಲೆ ಅವರಿಗೆ ಹಳೇ ಮುನಿಸು.

“ಪೆಟ್ಟಿಗೆಯಲ್ಲಿದೆ ಅಂತೀರಿ. ತಳದಲ್ಲೋ, ಮೂಲೆಯಲ್ಲೋ, ಮುಚ್ಚಳಕ್ಕೆ ಅಂಟಿಕೊಂಡೋ? ಒಂದೇ ಒಂದು ‘ಅಲ್ಲಿ’ ನಂಬ್ಕೊಂಡು ಇಷ್ಟು ಜನ ಹೇಗ್ರೀ ಬದುಕಿದ್ದೀರಿ?” ಎಂದು ಸಿಕ್ಕವರನ್ನೆಲ್ಲ ದಬಾಯಿಸುತ್ತಿದ್ದರು.

ಕೊನೆಗೆ ಮೂವತ್ತು ವರ್ಷ ಕೂತು ತಮ್ಮದೇ ಭಾಷೆ ಕಟ್ಟಿದರು. ಜಾಗ ಹೇಳುವುದಕ್ಕೇ ಅದರಲ್ಲಿ ಇಪ್ಪತ್ಮೂರು ವಿಭಕ್ತಿ. ‘ತಿಮ’ ಎಂದರೆ ಪೆಟ್ಟಿಗೆ; ‘ತಿಮಲು’, ಪೆಟ್ಟಿಗೆಯ ತಳದಲ್ಲಿ; ‘ತಿಮಶೆ’, ಪೆಟ್ಟಿಗೆಯ ಹಿಂದೆ, ಗೋಡೆಗೆ ತಾಗಿಕೊಂಡು. ಸಾಸಿವೆ ಕಾಳೊಂದನ್ನು ಸಮುದ್ರಕ್ಕೆಸೆದರೂ ಅದು ಯಾವ ಮೀನಿನ ಯಾವ ದವಡೆಯಲ್ಲಿದೆ ಎಂದು ಒಂದೇ ಪದದಲ್ಲಿ ಹೇಳಬಹುದಿತ್ತು. ಅರ್ಥವಾಗುವವರು ಮಾತ್ರ ಮೂರು ಲೋಕದಲ್ಲಿ ಅವರೊಬ್ಬರೇ.

“ಕನ್ನಡಕ ಎಲ್ಲಿದೆ ಅಂತ ದಿನಾ ನನ್ನೇ ಕೇಳ್ತೀರಲ್ಲ, ಅದಕ್ಕೂ ಒಂದು ವಿಭಕ್ತಿ ಮಾಡ್ಕೊಳ್ಳಿ,” ಎನ್ನುತ್ತಿದ್ದಳು ಹೆಂಡತಿ.

ಉಗ್ರಾಣದ ಚೀಟಿಗಳಲ್ಲಿ ವಸ್ತುವಿನ ಹೆಸರು ಮಾತ್ರ ಕನ್ನಡ, ಜಾಗವೆಲ್ಲ ಆ ಭಾಷೆಯಲ್ಲೇ. ಕೆಲಸದ ಕ್ರಮವೂ ಅವರದೇ: ವಸ್ತುವಿನ ಜಾಗ ಬದಲಿಸುವ ಮುನ್ನ ಚೀಟಿ ಬದಲಿಸಬೇಕು. ಮೊದಲು ಪದ, ಆಮೇಲೆ ಪದಾರ್ಥ.

ನಿನ್ನೆ ಬೆಳಿಗ್ಗೆ ಉಗ್ರಾಣದ ಏಣಿಯಿಂದ ಬಿದ್ದು, ಅದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಮುರಿದ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದರು. ಈವತ್ತು ಹನ್ನೊಂದು ಗಂಟೆಗೆ ದೊಡ್ಡ ಸಿಸ್ಟರ್ ಚೀಟಿಯೊಂದನ್ನು ಹಿಡಿದು ಓಡಿ ಬಂದರು.

“ಮೇಲೆ ಉಸಿರಿನ ಯಂತ್ರದ ಫ್ಯೂಸ್ ಹೋಯ್ತು. ಇನ್ನೊಂದು ಯಂತ್ರ ರಿಪೇರಿಗೆ ಹೋಗಿದೆ. ಅದರಲ್ಲಿ ಉಸಿರಾಡ್ತಿದ್ದ ಹೊಲಿಗೆ ಕೆಲಸದ ಹೆಂಗಸಿಗೆ ನಮ್ಮ ಹುಡುಗಿಯರು ಕೈಯಲ್ಲೇ ಗಾಳಿ ಒತ್ತುತ್ತಾ ಇದ್ದಾರೆ. ಇದನ್ನ ಓದಿ, ಬೇಗ!”

ಉಗ್ರಾಣಿ ಓದಿದರು. “ಮೂರನೇ ಕಪಾಟು, ಮೇಲಿನ ಹಲಗೆ, ನೀಲಿ ಪೆಟ್ಟಿಗೆ ಹಿಂದೆ, ಗೋಡೆಗೆ ತಾಗಿಕೊಂಡು. ಸಣ್ಣ ತಗಡಿನ ಡಬ್ಬಿ.”

ಸಿಸ್ಟರ್ ಫೋನಿನಲ್ಲಿ ಕೆಳಗೆ ಉಗ್ರಾಣದಲ್ಲಿದ್ದ ಮೆಕ್ಯಾನಿಕ್‌ಗೆ ಹೇಳಿದರು. ಅತ್ತಲಿಂದ ಏಣಿ ಎಳೆದ ಸದ್ದು. ಆಮೇಲೆ, “ಇಲ್ಲಿ ಜೇಡರ ಬಲೆ ಬಿಟ್ರೆ ಏನೂ ಇಲ್ಲ ಸಿಸ್ಟರ್.”

“ಇರಲೇಬೇಕು! ಮೊನ್ನೆವರೆಗೆ ಒಂದನೇ ಕಪಾಟಿನ ತಳದಲ್ಲಿತ್ತು. ಅಲ್ಲಿ ನೋಡೋಕೆ ಹೇಳಿ.”

ಅಲ್ಲೂ ಇಲ್ಲ. ಹನ್ನೆರಡು ನಿಮಿಷ ಕಳೆದಿತ್ತು. ಮೇಲಿನಿಂದ ನರ್ಸ್ ಒಬ್ಬಳು ಇಳಿದು ಬಂದು, “ಸಿಸ್ಟರ್, ಕೈ ಸೋತು ಹೋಯ್ತು, ಇನ್ನೊಬ್ಬರನ್ನ ಕಳಿಸಿ,” ಎಂದಳು. ಉಗ್ರಾಣಿ ಚೀಟಿಯನ್ನು ಮತ್ತೊಮ್ಮೆ ಓದಿದರು. ಇಪ್ಪತ್ಮೂರು ವಿಭಕ್ತಿಗಳೂ ಸಾಲಾಗಿ ಬಂದು ಎದುರಿಗೆ ಕೈಕಟ್ಟಿ ನಿಂತವು. ಒಂದಾದರೂ ತುಟಿ ಬಿಚ್ಚಲಿಲ್ಲ.

“ಸುಳ್ಳು ಚೀಟಿ ಬರ್ದಿದ್ದೀರಾ?” ಸಿಸ್ಟರ್ ಧ್ವನಿ ಒಡೆದಿತ್ತು.

“ನನ್ನ ಚೀಟಿ ಸುಳ್ಳು ಹೇಳಲ್ಲಮ್ಮ. ನಿನ್ನೆ ಬೆಳಿಗ್ಗೆಯಷ್ಟೇ ಬರೆದದ್ದು.”

ಮೂಲೆಯ ಸ್ಟೂಲಿನಲ್ಲಿದ್ದ ಹೆಂಡತಿ ತಟ್ಟನೆ ತಲೆಯೆತ್ತಿದಳು.

“ರೀ, ಚೀಟಿ ಬರೆದ ಮೇಲೇ ತಾನೇ ಏಣಿ ಹತ್ತಿದ್ದು? ಬೀಳುವಾಗ ಕೈಯಲ್ಲಿ ಏನಿತ್ತು?”

“ಕೈಯಲ್ಲಿ ಏಣಿ ಇತ್ತು ಮಾರಾಯ್ತಿ. ಡಬ್ಬಿ ಜೇಬಿ…” ಎಂದವರು ಹಾಗೇ ಕಣ್ಣು ಬಿಟ್ಟರು.

ಹೆಂಡತಿ ಆಗಲೇ ನೆಲಕ್ಕೆ ಕೂತಿದ್ದಳು. ನಿನ್ನೆ ಬಿಚ್ಚಿದ ಬಟ್ಟೆಯ ಗಂಟು ಮಂಚದ ಕೆಳಗೇ ಇತ್ತು. ಪ್ಯಾಂಟಿನ ಜೇಬಿನಿಂದ ಜಜ್ಜಿದ ತಗಡಿನ ಡಬ್ಬಿ ಬಂತು. ನಾಲ್ಕು ಫ್ಯೂಸುಗಳಲ್ಲಿ ಮೂರು ಪುಡಿ, ಒಂದು ಇಡಿ. ಸಿಸ್ಟರ್ ಅದನ್ನು ಕಸಿದುಕೊಂಡು ಮೆಟ್ಟಿಲು ಹಾರಿದರು.

ಉಗ್ರಾಣಿ ಚಾವಣಿಯನ್ನು ದಿಟ್ಟಿಸಿದ ರೀತಿಗೆ ಅದಕ್ಕೆ ತೂತು ಬೀಳಬೇಕಿತ್ತು. ಹೆಂಡತಿ ಸುಮ್ಮನೆ ಅವರ ಕೈ ಹಿಡಿದುಕೊಂಡಳು. ಗಡಿಯಾರದ ಮುಳ್ಳು ಕೆಸರಲ್ಲಿ ಹೂತ ಗಾಡಿಯಂತೆ ನಿಂತೇ ಬಿಟ್ಟಿತ್ತು.

ಸಿಸ್ಟರ್ ಬೆವರು ಒರೆಸುತ್ತ ಮರಳಿದರು. “ಯಂತ್ರ ಶುರುವಾಯ್ತು. ಆಕೆ ಪರವಾಗಿಲ್ಲ.” ಆಮೇಲೆ ಖಾಲಿ ಚೀಟಿಗಳ ಕಟ್ಟೊಂದನ್ನು ಉಗ್ರಾಣಿಯ ಎದೆಯ ಮೇಲೆ ಇಟ್ಟರು. “ಕಾಲು ಕೂಡೋಷ್ಟರಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೀಬೇಕು. ನಾನೂ ಓದಬೇಕು, ಮೆಕ್ಯಾನಿಕ್ಕೂ ಓದಬೇಕು.”

ಉಗ್ರಾಣಿ ಮಗುವಿನಂತೆ ಕೇಳಿದರು: “ಕೆಳಗಡೆ, ಸಣ್ಣಕ್ಷರದಲ್ಲಿ, ನಂದೂ ಒಂದು…?”

“ಬರ್ಕೊಳ್ಳಿ,” ಎಂದಳು ಹೆಂಡತಿ, ಪೆನ್ಸಿಲು ಕೊಡುತ್ತ. “ಆದ್ರೆ ವಸ್ತು ಇಟ್ಟ ಮೇಲೆ.”