ರುಕ್ಮಾಳ ಪಂಚಮಿ ಸುಟ್ಟಿ

ರುಕ್ಮಾ ಸುಟ್ಟಿಯ, ಅಂದರೆ ರಜೆಯ, ಪಗಾರ ತೆಗೆದುಕೊಂಡು ಬೇರೆಡೆ ಕೂಲಿಗೆ ಹೋಗಿದ್ದಳು ಎಂದು ಸುಳ್ಳು ಹೇಳಿದವಳು ನಾನು. ಕಣ್ಣಾರೆ ಕಂಡೆ ಎಂದೂ ಸೇರಿಸಿದೆ. ನಲವತ್ತು ವರ್ಷ ದಾಟಿತು — ಇದನ್ನು ನನ್ನ ಗಂಡನಿಗೂ ಹೇಳಿಲ್ಲ.

ಎಪ್ಪತ್ತರ ದಶಕದ ಕೊನೆ. ಬೆಳಗಾವಿಯ ಶಹಾಪುರದಲ್ಲಿ ಒಂದೇ ಅಂಗಳಕ್ಕೆ ಎರಡು ಮನೆ: ನಮ್ಮದೊಂದು, ಶಾಲೆಯಲ್ಲಿ ಕಲಿಸುವ ಬಾಯೋರದೊಂದು. ಎರಡೂ ಮನೆಗೆ ರುಕ್ಮಾ ಮುಂಜಾನೆ, ಸಂಜೆ ಬಂದು ಭಾಂಡೆ ತಿಕ್ಕಿ ಬಟ್ಟೆ ಒಗೆದು ಹೋಗುತ್ತಿದ್ದಳು. ಕೆಲಸದವಳು ಬರದ ದಿನದ ಪಗಾರ ಮುರಿದುಕೊಳ್ಳುವುದು ಆಗ ಎಲ್ಲ ಮನೆಗಳ ರೂಢಿ. ಬಾಯೋರು ಮಾತ್ರ ಒಂದು ದಿನ ನನ್ನೆದುರಿಗೇ ರುಕ್ಮಾಳನ್ನು ಕರೆದರು.

“ನನಗ ಸಾಲಿ ಸುಟ್ಟಿ ಇದ್ದಾಗೂ ಪಗಾರ ಬರತೈತಿ. ನಿನಗ್ಯಾಕ ಬ್ಯಾಡ? ಪಂಚಮಿಗೆ ಎಂಟು ದಿನ ತವರಿಗೆ ಹೋಗು, ನಾವಿಬ್ಬರೂ ಪಗಾರ ಮುರಿಯೂದಿಲ್ಲ. ಆದ್ರ ಆ ಎಂಟು ದಿನ ಬ್ಯಾರೆ ಕಡೆ ದುಡ್ಯಾಕ ಹೋಗಬಾರದು. ಸುಟ್ಟಿ ಅಂದ್ರ ಸುಟ್ಟಿ.”

ನಾನೂ ಹೂಂ ಎಂದೆ. ಎನ್ನದೆ ಏನು ಮಾಡಲಿ?

ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಯಾರಾದರೂ ಕರೆಯಲು ಬರಬೇಕು. ನನ್ನ ತಾಯಿ ಹೋದ ಮೇಲೆ ಗೋಕಾಕದ ಅಣ್ಣ ಬರುವುದನ್ನೇ ಬಿಟ್ಟಿದ್ದ. ಕರೆಯದೆ ಹೋಗಲು ಮಾನ ಅಡ್ಡ ಬರುತ್ತಿತ್ತು. ರುಕ್ಮಾಳ ಅಣ್ಣ ಖಾನಾಪುರದಿಂದ ತಪ್ಪದೆ ಬಂದ. ಅವಳು ಹೊಸ ಬಳೆ ಇಟ್ಟುಕೊಂಡು ನಗುತ್ತ ಹೊರಟಳು, ನಾನು ಅವಳು ತಿಕ್ಕಬೇಕಾದ ಭಾಂಡೆಯ ಮುಂದೆ ಕುಳಿತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅತ್ತೆಯದು ನಡೆದಿತ್ತು, ಕೆಲಸದವಳದೂ ಬಂತು, ನನ್ನದು ಮಾತ್ರ — ಹೊಟ್ಟೆಕಿಚ್ಚಾಯಿತು. ಬೇರೆ ಹೆಸರಿಲ್ಲ ಅದಕ್ಕೆ.

ಮರುವರ್ಷ ಪಂಚಮಿಯ ವಾರದಲ್ಲೇ ಖಾನಾಪುರದಲ್ಲಿ ನಮ್ಮವರ ಗೆಳೆಯರ ಮಗುವಿನ ನಾಮಕರಣವಿತ್ತು. ಊಟ ಮುಗಿಸಿ ಬಸ್ಸಿಗೆಂದು ನಡೆದಾಗ ರಸ್ತೆಯ ಮಗ್ಗುಲಲ್ಲೇ ರುಕ್ಮಾ ಹೇಳುತ್ತಿದ್ದ ತವರುಮನೆ ಕಂಡಿತು. ಬಾಗಿಲು ತೆರೆದಿತ್ತು. ಹಾಡುಹಗಲಲ್ಲಿ ಅವಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಮುದುಕಿ ಅವಳ ಕೂದಲಿಗೆ ಎಣ್ಣೆ ಹಚ್ಚುತ್ತಿದ್ದಳು. ಅಷ್ಟೇ. ನಮ್ಮ ಮನೆಯಲ್ಲಿ ಒಂದು ಗಳಿಗೆಯೂ ಕೂತಿದ್ದನ್ನು ನಾನು ಕಾಣದ ಹೆಂಗಸು... ನನ್ನ ತಲೆ ಯಾರಾದರೂ ಮುಟ್ಟಿ ಆರು ವರ್ಷವಾಗಿತ್ತು.

ಅದೇ ಸಂಜೆ ಬಾಯೋರ ಮನೆಗೆ ಹೋದೆ.

“ನಿಮ್ಮ ರುಕ್ಮಾ ಅಲ್ಲೆ ಮಂದಿ ಗದ್ಯಾಗ ಕೂಲಿಗೆ ಸಸಿ ಹಚ್ಚಾಕತ್ತಿದ್ದಳು. ನಾನ ನೋಡೇನಿ. ನನ್ನ ಹೆಸರು ತಗೀಬ್ಯಾಡ್ರಿ ಮತ್ತ.”

ಭತ್ತದ ಸಸಿ ನೆಡುವ ದಿನಗಳವು; ನಂಬದಿರಲು ಕಾರಣವಿರಲಿಲ್ಲ. ಆದರೂ ಬಾಯೋರು ನ್ಯಾಯದವರು. ರುಕ್ಮಾ ಮರಳಿ ಬಂದ ದಿನ ಅವಳನ್ನೇ ಕೇಳಿದರು, “ಖರೇ ಹೇಳು, ಗದ್ದಿಗೆ ಇಳಿದಿದ್ದ್ಯೇನು?”

“ಒಂದ ಮುಂಜಾನಿ ಇಳಿದಿದ್ದೆ ರೀ. ನಮ್ಮ ಅವ್ವಂದ ಒಂದ ತುಣುಕು ಗದ್ದಿ ಐತಿ...”

“ಸಾಕು,” ಎಂದರು ಬಾಯೋರು.

ನಾನು ಸುಮ್ಮನೆ ಕಟ್ಟಿದ ಕತೆಗೆ ಅವಳ ಖರೇತನವೇ ಸಾಕ್ಷಿಯಾಯಿತು. ತಾಯಿಯ ಗದ್ದೆಗೆ ಕೈ ಹಚ್ಚುವುದು ಕೂಲಿಯಲ್ಲ — ನಾನೂ ಒಕ್ಕಲುತನದ ಮನೆಯ ಮಗಳು, ನನಗೆ ಗೊತ್ತಿತ್ತು. ಮೂರು ಮಾರು ದೂರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಒಳಗೊಳಗೇ ಖುಷಿಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಪಗಾರದ ಸುಟ್ಟಿ ಅಲ್ಲಿಗೆ ನಿಂತಿತು. ಮುಂದಿನ ಪಂಚಮಿಗೆ ಅಣ್ಣ ಬಂದಾಗ ರುಕ್ಮಾ ಅಂಗಳದಿಂದಲೇ ಅವನನ್ನು ಮರಳಿ ಕಳಿಸಿದಳು. ಎರಡು ಮನೆಯ ಎಂಟು ದಿನದ ಪಗಾರ ಬಿಡಲು ಅವಳಿಂದಾಗುತ್ತಿರಲಿಲ್ಲ. ನಾನು ಆಗ ಏನು ಹೇಳಿದೆ ಗೊತ್ತೇ? “ನಾ ಕೊಡತಿದ್ದೆ ರುಕ್ಮಾ, ಬಾಯೋರ ಒಪ್ಪವಲ್ಲರು.” ಅವಳು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡಳು. ದೀಪಾವಳಿಗೆ ಮೊದಲೇ ಅವಳ ತಾಯಿ ತೀರಿಕೊಂಡಳು. ಆ ವರ್ಷ ರುಕ್ಮಾ ತವರಿಗೆ ಹೋದದ್ದು ತಾಯಿಯ ಮಣ್ಣಿಗೆ.

ಬಾಯೋರು ವರ್ಗವಾಗಿ ಹೋದರು, ಈಗ ಇಲ್ಲ. ಸಾಯುವವರೆಗೂ ಅವರ ಮನಸ್ಸಿನಲ್ಲಿ ರುಕ್ಮಾ ಸುಳ್ಳಿಯೇ. ರುಕ್ಮಾ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಪ್ರತಿ ಪಂಚಮಿಗೆ, ಊರುಗೋಲು ಹಿಡಿದಾದರೂ, ಹಬ್ಬದ ಉಂಡಿ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬರುತ್ತಾಳೆ. ಕಳೆದ ವರ್ಷ ನನ್ನ ಮಗ್ಗುಲಲ್ಲಿ ಕುಳಿತು, ಯಾವಾಗಲೂ ಕರೆಯುವಂತೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತ ಹೇಳಿದಳು:

“ಆಗ ನನ್ನ ಪರವಾಗಿ ಮಾತಾಡಿದವರು ನೀವೊಬ್ಬರ ರೀ ವೈನಿ. ಅವ್ವ ಹ್ವಾದ ಮ್ಯಾಲ ನನಗ ತವರಮನಿ ಅಂದ್ರ ಇದ.”

ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗೇ ಮರಳಿ ಇಟ್ಟೆ. ಅವಳ ತವರು ಕಂಡು ಉರಿದವಳು ನಾನು. ಅದನ್ನು ಕಸಿದುಕೊಂಡು, ಆ ಜಾಗದಲ್ಲಿ ನಾನೇ...

ಈ ಸಲವೂ ಬರುತ್ತಾಳೆ. ಅವಳು ಗಂಟು ಬಿಚ್ಚುವ ಮೊದಲೇ, ನಿಂತಲ್ಲೇ ಎಲ್ಲವನ್ನೂ ಹೇಳಬೇಕು. ಕೇಳಿದ ಮೇಲೆ ಅವಳು ತಿರುಗಿ ನಡೆದರೆ, ಕುಂದರು ರುಕ್ಮಾ ಎಂದು ನಾನು ಕರೆಯುವುದಿಲ್ಲ.