ಕಡ್ಡಿಯಲ್ಲಿ ಏರಿದ ಎಣ್ಣೆ

ಇಂಜಿನ್ನಿನ ಎಣ್ಣೆ ಕಡಿಮೆಯಾದರೆ ಯಾರಾದರೂ ಗಾಬರಿಯಾಗುತ್ತಾರೆ. ನಮ್ಮ ಹಳೆಯ ಟ್ರ್ಯಾಕ್ಟರಿನಲ್ಲಿ ಅದು ಹೆಚ್ಚುತ್ತಿತ್ತು. ಹಾಗಾಗಿ ನಮ್ಮ ಯಜಮಾನರು ನಿಶ್ಚಿಂತೆಯಿಂದಿದ್ದರು.

ಅದು ನಮ್ಮ ಮಾವನವರು ಕೊಂಡ ಗಾಡಿ. ತೆಕ್ಕಲಕೋಟೆ ಹತ್ತಿರದ ನಮ್ಮ ಭತ್ತದ ಗದ್ದೆಗಳಲ್ಲಿ ಇವತ್ತಿಗೂ ಅದರದೇ ಕೆಲಸ. ಮಾರಿ ಹೊಸದು ತಗೊಳ್ಳಿ ಎಂದು ಎಷ್ಟೋ ಜನ ಹೇಳಿದ್ದಾರೆ. ಇವರು ಒಪ್ಪಿದವರಲ್ಲ. ಬೇರೆಯವರ ಗಾಡಿ ರಸ್ತೆಯಲ್ಲಿ ಹೋಗುತ್ತಿದ್ದರೆ ಕಟ್ಟೆಯ ಮೇಲೆ ಕೂತು, ಶಬ್ದದಿಂದಲೇ ಅದರ ಕಾಯಿಲೆ ಹೇಳುತ್ತಿದ್ದವರು ಇವರು. ತಮ್ಮ ಗಾಡಿಯ ವಿಷಯದಲ್ಲಿ ಇನ್ನೊಬ್ಬರ ಮಾತು ಬೇಕಿರಲಿಲ್ಲ.

ಆ ಸಲ ನಾಟಿಗೆ ಗದ್ದೆ ಕೆಸರು ಮಾಡುವ ಹೊತ್ತಿಗೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಗಿಳಿಯತೊಡಗಿತು. ಬೆಳಿಗ್ಗೆ ಚಾಲೂ ಮಾಡಿದಾಗ ಸರಿಯಾಗಿರುತ್ತಿತ್ತು, ಇಂಜಿನ್ ಕಾದ ಮೇಲೆ ಬುಡಕ್ಕೆ ಬರುತ್ತಿತ್ತು. ನಾನು ಕೇಳಿದರೆ, "ಮೀಟರ್ ಕೆಟ್ಟೈತಿ, ಅದು ಹಳೇ ಚಾಳಿ," ಎಂದರು. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ನನ್ನ ಮುಂದೆ ಹಿಡಿದರು. "ನೋಡು, ಎಣ್ಣಿ ಎಷ್ಟೈತಿ. ಒಂದು ಹನಿ ಕಡಿಮಿ ಆಗಿಲ್ಲ."

ಕಡಿಮೆಯಾಗಿರಲಿಲ್ಲ ನಿಜ. ಮೇಲಿನ ಗೆರೆಯನ್ನೂ ದಾಟಿತ್ತು. ಯಾರೂ ಹೊಸದಾಗಿ ಎಣ್ಣೆ ಹಾಕಿರಲಿಲ್ಲ. ಅವರು ಕಡ್ಡಿ ಒರೆಸಿದ ಬಟ್ಟೆಯನ್ನು ಒಗೆಯಲು ತೆಗೆದುಕೊಂಡಾಗ ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ರೂಪನಗುಡಿಯ ನಮ್ಮ ತವರಿನಲ್ಲಿ ಬಾವಿಯ ಡೀಸೆಲ್ ಇಂಜಿನ್ ಪಕ್ಕದಲ್ಲೇ ಆಡಿ ಬೆಳೆದವಳು ನಾನು. ಎಣ್ಣೆಯ ವಾಸನೆ ಬೇರೆ, ಡೀಸೆಲ್ಲಿನ ವಾಸನೆ ಬೇರೆ ಎಂದು ತಿಳಿಯದಷ್ಟು ದಡ್ಡಿಯಲ್ಲ. ಹಳೆಯ ಪೇಪರಿನ ಮೇಲೆ ಆ ಎಣ್ಣೆಯ ಒಂದು ತೊಟ್ಟು ಬಿಟ್ಟೆ. ನಡುವೆ ಕಪ್ಪು ನಿಂತು, ಸುತ್ತ ತೆಳುವಾದ ಜಿಡ್ಡು ಅಗಲವಾಗಿ ಹರಡಿತು. ಡೀಸೆಲ್ ಬೆರೆತದ್ದು ಖಚಿತ. ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ ಅವರಿಗೆ ಹಿಂದಿನಿಂದ ಇದನ್ನೆಲ್ಲ ಹೇಳಿದೆ. ಅವರು ತಿರುಗಿಯೂ ನೋಡಲಿಲ್ಲ.

ಆ ದಿನಗಳಲ್ಲಿ ಹೀಗೇ ನಡೆದಿತ್ತು. ನಾನು ಕರೆಯುವುದು, ಅವರು ಓ ಎನ್ನದಿರುವುದು. ಯಾವುದಕ್ಕೋ ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಎಂದುಕೊಂಡು ನಾನೂ ಮಾತು ಕಡಿಮೆ ಮಾಡಿದ್ದೆ. ಇಬ್ಬರೇ ಇರುವ ಮನೆಯಲ್ಲಿ ಟಿ.ವಿ. ಮಾತ್ರ ಕೂಗುತ್ತಿತ್ತು.

ಮಾರನೆಯ ದಿನ ಬುತ್ತಿ ತೆಗೆದುಕೊಂಡು ಗದ್ದೆಗೆ ಹೋದೆ. ಬದುವಿಗೆ ಬರುವ ಮೊದಲೇ ಕೇಳಿಸಿತು, ಇಂಜಿನ್ನಿನ ಒಳಗಿಂದ ಯಾರೋ ಸುತ್ತಿಗೆಯಲ್ಲಿ ಬಡಿಯುವಂಥ ಶಬ್ದ. "ಬಂದ್ ಮಾಡ್ರಿ" ಎಂದು ಕೂಗಿದೆ. ಅವರು ನನಗೆ ಬೆನ್ನು ಹಾಕಿ ಆ ತುದಿಗೆ ಹೋಗುತ್ತಿದ್ದರು. ಮತ್ತೆ ಮತ್ತೆ ಕೂಗಿದೆ. ಕೊನೆಗೆ ಬುತ್ತಿ ಬದುವಿನ ಮೇಲಿಟ್ಟು, ಸೀರೆ ಎತ್ತಿಕಟ್ಟಿ, ಮೊಣಕಾಲುದ್ದದ ಕೆಸರಿನಲ್ಲಿ ಓಡಿ ಗಾಡಿಯ ಮುಂದೆ ನಿಂತೆ.

ಇಂಜಿನ್ ನಿಲ್ಲಿಸಿದರು. ಮುಖ ಬಿಳುಚಿತ್ತು. "ತಲಿ ಕೆಟ್ಟೈತೇನು ನಿನಗ? ಗಾಲಿಗೆ ಸಿಕ್ಕಿದ್ದರ?"

"ಅಷ್ಟು ಜೋರು ಬಡಕೊಳ್ಳಾಕತ್ತೈತಿ, ನಿಮಗ ಕೇಳಸಲಿಲ್ಲೇನು?"

"ಎಲ್ಲಿ ಬಡಕೊಳ್ಳಾಕತ್ತೈತಿ? ನಾನು ಅದರ ಮ್ಯಾಲೇ ಕುಂತೀನಿ."

ಹಾಗೆಂದರೂ ಮತ್ತೆ ಚಾಲೂ ಮಾಡಲಿಲ್ಲ. ಕುರುಗೋಡಿನಲ್ಲಿರುವ ಅವರ ಹಳೆಯ ಗೆಳೆಯ, ಟ್ರ್ಯಾಕ್ಟರ್ ಮೆಕ್ಯಾನಿಕ್, ಫೋನ್ ಮಾಡಿದಾಗ ಮಧ್ಯಾಹ್ನವೇ ಬೈಕಿನಲ್ಲಿ ಬಂದರು. ಕಡ್ಡಿ ಎಳೆದು ಮೂಸಿ, "ಡೀಸೆಲ್ ಇಳಿದೈತಿ," ಎಂದರು. ಡೀಸೆಲ್ ಪಂಪಿನೊಳಗಿನ ರಬ್ಬರ್ ಹರಿದು, ಡೀಸೆಲ್ ಎಣ್ಣೆಗೆ ಸೇರುತ್ತಿತ್ತು. ಕೆಳಗಿನ ಬೋಲ್ಟ್ ಬಿಚ್ಚಿದಾಗ ಎಣ್ಣೆ ನೀರಿನ ಹಾಗೆ ಸುರಿಯಿತು. ಪಂಪನ್ನು ಸರಿಮಾಡಿ, ಹೊಸ ಎಣ್ಣೆ ಹಾಕಿ, ತಾವು ತಂದಿದ್ದ ಬೇರೆ ಮೀಟರನ್ನು ಜೋಡಿಸಿ ಚಾಲೂ ಮಾಡಿದರು. ಮುಳ್ಳು ಏರಿತು. ಇಂಜಿನ್ ಕಾಯುತ್ತಿದ್ದಂತೆ ಮತ್ತೆ ಇಳಿಯಿತು. ಮೀಟರಿನ ತಪ್ಪಲ್ಲ ಎಂದು ಖಚಿತವಾಯಿತು.

ಮೆಕ್ಯಾನಿಕ್ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರು. ಕಣ್ಣು ಮುಚ್ಚಿ ಕೇಳಿ, ಅದನ್ನು ಇವರ ಕೈಗೆ ಕೊಟ್ಟರು. "ನೀನೂ ಕೇಳಲೇ. ಎಣ್ಣಿ ತೆಳುವಾಗಿ ಬೇರಿಂಗ್ ಸವದು ಹೋಗ್ಯಾವು."

ಇವರು ಕಿವಿಗಿಟ್ಟುಕೊಂಡರು. ಜಾಗ ಬದಲಿಸಿದರು. ಇನ್ನೊಂದು ಕಿವಿಗೆ ಇಟ್ಟುಕೊಂಡರು. "ಏನಿಲ್ಲಲ್ಲೋ. ಚಂದ ನಡದೈತಿ."

ನಾನು ಅಲ್ಲಿಂದ ಮಾರು ದೂರ ನಿಂತಿದ್ದೆ. ಸ್ಕ್ರೂ ಡ್ರೈವರ್ ಇಲ್ಲದೆಯೇ ಆ ಬಡಿತ ನನ್ನ ಎದೆಗೆ ತಾಗುತ್ತಿತ್ತು. ಮೆಕ್ಯಾನಿಕ್ ನನ್ನ ಮುಖ ನೋಡಿದರು. ನಾವಿಬ್ಬರೂ ನೋಡಿಕೊಂಡದ್ದನ್ನು ಇವರು ಕಂಡರು. ತಾವೇ ಹೋಗಿ ಇಂಜಿನ್ ನಿಲ್ಲಿಸಿ, ಸ್ಕ್ರೂ ಡ್ರೈವರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. "ಬಿಚ್ಚು ಹಂಗಾರ," ಎಂದಷ್ಟೇ ಹೇಳಿದರು.

ಬಿಚ್ಚಿದಾಗ ಎಣ್ಣೆ ತೊಟ್ಟಿಯ ತಳದಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಬೇರಿಂಗುಗಳೊಳಗೆ ತಿರುಗುವ ಉಕ್ಕಿನ ದಂಡ, ಕ್ರ್ಯಾಂಕ್, ಗೀರುಬಿದ್ದಿತ್ತು. ಇನ್ನಷ್ಟು ಓಡಿಸಿದ್ದರೆ ಇಂಜಿನ್ನೇ ಒಡೆಯುತ್ತಿತ್ತು ಎಂದರು ಮೆಕ್ಯಾನಿಕ್. ಕ್ರ್ಯಾಂಕನ್ನು ಲೇತ್‌ನಲ್ಲಿ ಹಿಡಿಸಿ ನುಣುಪು ಮಾಡಿಸಲು ಬಳ್ಳಾರಿಗೆ ಒಯ್ಯಬೇಕಾಯಿತು. ನಾನೂ ಬರುತ್ತೇನೆಂದು ಹೊರಟೆ. ಲೇತ್‌ನವನು ಸಂಜೆಗೆ ಬನ್ನಿ ಎಂದ. ಆ ಬಿಡುವಿನಲ್ಲಿ, "ಕಿವಿ ತೋರಿಸಿಬಿಡೋಣ್ರಿ," ಎಂದೆ. ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಸುಮ್ಮನೆ ಆಟೋ ಹತ್ತಿದರು.

ಆಸ್ಪತ್ರೆಯಲ್ಲಿ ಅವರನ್ನು ಗಾಜಿನ ಕೋಣೆಯಲ್ಲಿ ಕೂಡಿಸಿ, ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಹೊರಗೆ ಹುಡುಗಿಯೊಬ್ಬಳು ಯಂತ್ರದ ತಿರುಗಣೆಯನ್ನು ತಿರುಗಿಸುತ್ತಲೇ ಹೋದಳು. ಅವರ ಹೆಬ್ಬೆರಳು ಗುಂಡಿಯ ಮೇಲೆ ಕಾದಿತ್ತು, ಒತ್ತಲಿಲ್ಲ. ಪರೀಕ್ಷೆಗೆ ಕೂತ ಸಾಲಿ ಹುಡುಗನ ಹಾಗೆ ಬೆವರುತ್ತಿದ್ದರು. ನಾನು ಬೇರೆ ಕಡೆ ಮುಖ ತಿರುಗಿಸಿದೆ. ವರ್ಷಗಟ್ಟಲೆ ಇಂಜಿನ್ನಿನ ಸದ್ದಿಗೆ ಹೋದ ಕಿವಿ, ಮರಳಿ ಬರುವುದಿಲ್ಲ, ಮಿಷನ್ ಹಾಕಿಕೊಳ್ಳಿ ಎಂದರು ಡಾಕ್ಟರು.

ಸಂಜೆ ಕ್ರ್ಯಾಂಕ್ ತೆಗೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಕೂತ ಮೇಲೆ ಅವರು ಕೇಳಿದರು, "ಕರೆದರ ಓಗೊಡಲಿಲ್ಲಂತ ನೀ ಏನು ತಿಳಕೊಂಡಿದ್ದಿ?"

"ಸಿಟ್ಟು ಮಾಡೀರಿ ಅಂತ."

"ನಾನು, ನೀನು ಮಾತು ಬಿಟ್ಟೀಯಂತ ತಿಳಕೊಂಡಿದ್ದೆ."

ತೆಕ್ಕಲಕೋಟೆಯಲ್ಲಿ ಇಬ್ಬರೂ ಒಂದೊಂದು ತುದಿ ಹಿಡಿದು ಕ್ರ್ಯಾಂಕ್ ಇಳಿಸಿದೆವು.

ಇಂಜಿನ್ ಸರಿಯಾಯಿತು. ಕಾದ ಮೇಲೂ ಮುಳ್ಳು ಇಳಿಯುತ್ತಿಲ್ಲ. ಮನೆಯಲ್ಲಿ ಅವರು ಮಿಷನ್ ಹಾಕಿಕೊಳ್ಳುತ್ತಾರೆ, ಟ್ರ್ಯಾಕ್ಟರ್ ಹತ್ತುವಾಗ ಬಿಚ್ಚಿ ಜೇಬಿಗೆ ಹಾಕುತ್ತಾರೆ. ಆ ಸದ್ದಿಗೆ ತಲೆ ಸಿಡಿಯುತ್ತದಂತೆ. ಹೀಗಾಗಿ ದೊಡ್ಡ ರಸ್ತೆಗೆ ಗಾಡಿ ತೆಗೆದರೆ ನಾನೂ ಅವರ ಪಕ್ಕ, ಗಾಲಿ ಮುಚ್ಚುವ ತಗಡಿನ ಮೇಲೆ ಕೂರುತ್ತೇನೆ. ಕಳೆದ ವಾರ ಭತ್ತ ಹೇರಿಕೊಂಡು ಹೋಗುವಾಗ ಹಿಂದಿನಿಂದ ಲಾರಿ ಹಾರ್ನ್ ಹೊಡೆಯುತ್ತಲೇ ಬಂತು. ಅವರು ನಡುರಸ್ತೆಯಲ್ಲೇ ಇದ್ದರು. ಭುಜ ಮುಟ್ಟಿದೆ. ಗಾಡಿಯನ್ನು ಪಕ್ಕಕ್ಕೆ ತೆಗೆದುಕೊಂಡು, "ಗೊತ್ತಾಗೈತಿ ಬಿಡು," ಎಂದರು. ಗೊತ್ತಾಗಿರಲಿಲ್ಲ. ಲಾರಿ ದಾಟಿ ಹೋದ ಮೇಲೂ ನನ್ನ ಕೈ ಅವರ ಭುಜದ ಮೇಲೇ ಇತ್ತು.